ಕರಿಬೇವಿನ ಗಿಡದಲ್ಲಿ ಒಂದು ವಾರ

ಮೂರು ನಾಲ್ಕು ವರ್ಷದ ಶಿಶುವಿಗೆ ಮನೆಯಲ್ಲಿಯೇ ವಿದ್ಯಾರಂಭ ಮಾಡಿಸಬಯಸುವ ತಾಯಿತಂದೆಯರು, ಅಕ್ಷರಕ್ಕೊಂದು ದಿನ, ಅಂಕಿಗೊಂದು ದಿನವೆಂದು ಹರಿದು ಹಂಚುವುದಕ್ಕಿಂತ, ವಾರಕ್ಕೊಂದೇ ವಸ್ತುವನ್ನು ಆರಿಸಿಕೊಂಡು, ಕಥೆ, ಎಣಿಕೆ, ಚಿತ್ರಗಳೆಲ್ಲವನ್ನೂ ಅದರ ಸುತ್ತಲೇ ಹೆಣೆಯುವುದು ಲೇಸು. ಈ ವಾರದ ವಸ್ತು ಹುಳು.

ಎರಿಕ್ ಕಾರ್ಲ್ 1969ರಲ್ಲಿ ಪ್ರಕಟಿಸಿದ, ಹಸಿದ ಹುಳುವೊಂದರ ಸಚಿತ್ರ ಪುಸ್ತಕದಲ್ಲಿ, ಸೋಮವಾರ ಒಂದು ಸೇಬಿನಿಂದ ತೊಡಗಿ ಶುಕ್ರವಾರ ಐದು ಕಿತ್ತಳೆಯವರೆಗೆ ಆ ಹುಳು ತಿನ್ನುತ್ತ ಸಾಗುವುದರಿಂದ, ವಾರಗಳ ಹೆಸರೂ ಎಣಿಕೆಯೂ ಪ್ರಯಾಸವಿಲ್ಲದೆ ಮಗುವಿನ ನಾಲಿಗೆಗೆ ಹತ್ತುತ್ತವೆ. ಪುಟಗಳಲ್ಲಿ ಕೊರೆದ ರಂಧ್ರಗಳಿಗೆ ಬೆರಳು ತೂರಿಸುವ ಸುಖವಂತೂ ಬೇರೆ.

ಆದರೆ ನನ್ನ ಮಟ್ಟಿಗೆ ಅದಕ್ಕೂ ಮಿಗಿಲಾದ ಪಾಠ ಹಿತ್ತಲಿನ ಕರಿಬೇವಿನ ಗಿಡದಲ್ಲಿದೆ. ಹಕ್ಕಿಯ ಹಿಕ್ಕೆಯೆಂಬ ಭ್ರಮೆ ಹುಟ್ಟಿಸುತ್ತ ಎಳೆಯ ಎಲೆಯ ಮೇಲೆ ಕುಳಿತು, ಪೊರೆ ಕಳಚುತ್ತ ಕಳಚುತ್ತ ಎಲೆಯ ಹಸುರನ್ನೇ ತಾಳಿ, ಕಡೆಗೆ ಸೊಂಟಕ್ಕೊಂದು ರೇಷ್ಮೆಯ ಎಳೆ ಬಿಗಿದುಕೊಂಡು ಕೋಶಾವಸ್ಥೆಗೆ ಸಲ್ಲುವ ಪುಟ್ಟ ಜೀವಿಯೇ ನಿಂಬೆ ಚಿಟ್ಟೆಯ ಮರಿ. ಕಡ್ಡಿಯಿಂದ ಮೆಲ್ಲನೆ ಸೋಕಿದರೆ, ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಚಾಚಿ ದುರ್ಗಂಧ ಬೀರುತ್ತದೆ. ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ಸಂಗತಿ ಇನ್ನೊಂದಿರಲಾರದು!

ಬೆಳಿಗ್ಗೆ ತಿಂದ ಎಲೆಗಳನ್ನು ಎಣಿಸಿರಿ. ಸಂಜೆ ಚಪಾತಿಯ ಕಣಕದಲ್ಲಿ ಹುಳು ಮಾಡಿಸಿರಿ. ದುಬಾರಿ ಸಾಮಗ್ರಿ ಬೇಕಿಲ್ಲ. ಕನ್ನಡದ ಚಿತ್ರಪುಸ್ತಕಗಳು ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಭಾನುವಾರ ಬಂದರೂ ಕೋಶ ಒಡೆಯದಿರಬಹುದು. ಆಗ ಇದೇ ವಸ್ತುವನ್ನು ಮತ್ತೊಂದು ವಾರ ಮುಂದುವರಿಸಿ, ಒಗ್ಗರಣೆಯ ಸೊಪ್ಪನ್ನು ಮಾತ್ರ ಬೇರೆ ರೆಂಬೆಯಿಂದ ಕೀಳಿರಿ.