ಮಧುರಾ ಪಾದ: ಗಂಟಿನಿಂದ ಬರುವ ಕಾಳುಗಳನ್ನು ಎಸೆಯಬೇಡಿ

ಹೊಲದ ಕಾಯಕದಲ್ಲಿ ಬರಿಗಾಲಿಗೆ ಜಾಲಿಮುಳ್ಳು ಚುಚ್ಚುವುದು ಹೊಸದೇನಲ್ಲ. ತೆಗೆದು ಮರೆತುಬಿಡುತ್ತೇವೆ. ಆದರೆ ಮಣ್ಣಿನಲ್ಲಿರುವ ಕೆಲವು ಶಿಲೀಂಧ್ರಗಳು, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು, ಆ ಗಾಯದಿಂದ ಒಳಸೇರಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ ಪಾದದಲ್ಲಿ ಗಟ್ಟಿ ಗಂಟು ಮಾಡುತ್ತವೆ. ಗಂಟು ಒಡೆದು, ತೂತುಗಳಿಂದ ಕೀವಿನ ಜೊತೆ ರವೆಯಂತಹ ಕಾಳುಗಳು ಬರುತ್ತವೆ. ಹೆಚ್ಚಾಗಿ ನೋವಿರುವುದಿಲ್ಲ, ರೋಗಿಗಳು ತಡವಾಗಿ ಬರುವುದಕ್ಕೆ ಇದೇ ಕಾರಣ. 1842ರಲ್ಲಿ ಇಂದಿನ ತಮಿಳುನಾಡಿನ ಮಧುರೈಯಲ್ಲಿ ಗುರುತಿಸಿದ್ದರಿಂದ ಈ ಹೆಸರು. ವೈದ್ಯರು ಮೈಸಿಟೋಮಾ ಎನ್ನುತ್ತಾರೆ.

ಇದೇ ರೋಗವನ್ನು ಮಣ್ಣಿನ ಬ್ಯಾಕ್ಟೀರಿಯಾಗಳೂ ತರುತ್ತವೆ. ರಾಜಸ್ಥಾನದ ಒಣ ಪ್ರದೇಶದಲ್ಲಿ ಶಿಲೀಂಧ್ರದ್ದು ಹೆಚ್ಚು. ನಮ್ಮ ದಕ್ಷಿಣ ಭಾರತದಲ್ಲಿ ಬ್ಯಾಕ್ಟೀರಿಯಾದ್ದು ಹೆಚ್ಚು. ಹೊರಗೆ ನೋಡಲು ಎರಡೂ ಒಂದೇ ತರಹ, ಔಷಧ ಮಾತ್ರ ಬೇರೆ. ಬ್ಯಾಕ್ಟೀರಿಯಾದ್ದಾದರೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ತೆಗೆದುಕೊಂಡರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಶಿಲೀಂಧ್ರಕ್ಕೆ ಅದು ನಾಟುವುದೇ ಇಲ್ಲ. ಬೇರೆ ಮಾತ್ರೆ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೂ ಬೇಕು. ಊರು ನೋಡಿ ಅಂದಾಜು ಮಾಡಬಹುದು, ಚಿಕಿತ್ಸೆ ಕೊಡಲಾಗದು. ಕಪ್ಪು ಕಾಳು ಶಿಲೀಂಧ್ರದ ಗುರುತು. ಬಿಳಿ, ಹಳದಿ ಕಾಳು ಎರಡರಲ್ಲೂ ಬರುತ್ತವೆ. ಅದಕ್ಕೇ ಪರೀಕ್ಷೆ ಮಾಡಲೇಬೇಕು. ಪಟ್ಟಿಗೆ ಅಂಟಿದ ಕಾಳುಗಳಿದ್ದರೆ ತೊಳೆಯದೆ ಹಾಗೆಯೇ ತನ್ನಿ, ನಾಚಿಕೆ ಬೇಡ.

ಸಂಬಂಧಿಕರೇ, ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ; ರೋಗಿಯ ತಟ್ಟೆ, ಹಾಸಿಗೆ ಬೇರೆ ಮಾಡಬೇಡಿ. ಗಂಟನ್ನು ಹಿಸುಕಬೇಡಿ, ಸುಡಬೇಡಿ. ಬಾವು ಇಳಿದ ಮೇಲೂ ವೈದ್ಯರು ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ. ಖರ್ಚಿನ ಚಿಂತೆಯಿದ್ದರೆ ನಿಲ್ಲಿಸುವ ಮೊದಲು ನಮಗೆ ತಿಳಿಸಿ.