ದಮ್ಮು ಬೇರೆ, ತಾಳಿಕೆ ಬೇರೆ

ಕೋಥರೂಡದ ನಮ್ಮ ಓಣಿಗಳಲ್ಲಿ ಕ್ರಿಕೆಟ್ ಆಡದ ಬಾಲಕನು ದೊರೆಯುವುದು ದುರ್ಲಭ. ಬೇಸ್‌ಬಾಲ್ ಆಟವನ್ನಾದರೋ ಕಣ್ಣಾರೆ ಕಂಡವರೇ ವಿರಳ. ಆದರೂ ಕಳೆದ ಬೇಸಿಗೆಯ ರಜೆಯಲ್ಲಿ ನಾವು ಆ ಅಮೇರಿಕದ ಆಟವನ್ನು, ಮನೆಯೊಳಗೆ ಚಾಪೆಯ ಮೇಲೆ ಕುಳಿತು, ಬೇಕಾದಷ್ಟು ಆಡಿದೆವು. ಸಹಪಾಠಿಯೊಬ್ಬನ ಅಣ್ಣನಲ್ಲಿ ‘ಎಂಎಲ್‌ಬಿ ದ ಶೋ’ ಎಂಬ ವಿಡಿಯೊ ಆಟವಿದ್ದಿತು.

ನಮ್ಮಲ್ಲಿ ಬೌಲರನಿರುವಂತೆ ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ತಂಡದ ಅತ್ಯುತ್ತಮ ಪಿಚರನನ್ನೇ ನಾವು ದಿನದಿನವೂ ಕಣಕ್ಕಿಳಿಸಿದೆವು. ಮೊದಲನೆಯ ಪಂದ್ಯ ಗೆದ್ದೆವು. ಎರಡನೆಯದರಲ್ಲಿ ಅವನ ಚೆಂಡಿನ ವೇಗವೇ ತಗ್ಗಿತು. ಮೂರನೆಯದರಲ್ಲಿ ಎದುರಾಳಿಗಳು ಅವನನ್ನು ಮನಬಂದಂತೆ ಬಾರಿಸಿದರು. ಯಂತ್ರವು ಮೋಸ ಮಾಡುತ್ತಿದೆಯೆಂದು ನಾವು ಕೂಗಾಡಿದುದೂ ಉಂಟು. ಆಗ ಆ ಅಣ್ಣನು ನಕ್ಕು, ಆಟಗಾರನ ಹೆಸರಿನ ಕೆಳಗಿದ್ದ ಎರಡು ಅಂಕಿಗಳತ್ತ ಬೆರಳು ಮಾಡಿದನು. ಒಂದು ಸ್ಟ್ಯಾಮಿನಾ, ಇನ್ನೊಂದು ಡ್ಯುರಬಿಲಿಟಿ. ಇವನ್ನು ನಾವು ದಮ್ಮು, ತಾಳಿಕೆ ಎಂದು ಕರೆಯೋಣ. ಬಟ್ಟೆಯು ಎಷ್ಟು ದಪ್ಪವಾಗಿದೆ ಎಂಬುದು ಒಂದು ಮಾತು. ಎಷ್ಟು ಒಗೆತ ತಡೆದೀತು ಎಂಬುದು ಬೇರೆಯೇ ಮಾತು.

ದಮ್ಮೆಂಬುದು ನೀರು ತುಂಬಿದ ಹಂಡೆಯಿದ್ದಂತೆ. ಒಂದೊಂದು ಎಸೆತಕ್ಕೂ ಒಂದೊಂದು ತಂಬಿಗೆ ನೀರು ಹೊರಗೆ ಹೋಗುತ್ತದೆ. ನೀರು ತಳಕ್ಕೆ ಇಳಿದಂತೆಲ್ಲ ಚೆಂಡಿನ ವೇಗ ಕುಂದುತ್ತದೆ, ಗುರಿ ತಪ್ಪುತ್ತದೆ. ಪಂದ್ಯವನ್ನು ಆರಂಭಿಸುವ ಪಿಚರನ ಹಂಡೆ ದೊಡ್ಡದು. ಕೊನೆಯ ಘಟ್ಟದಲ್ಲಿ ಬಂದು ಕೆಲವೇ ಎಸೆತ ಎಸೆಯುವವನದು ಚಿಕ್ಕದು. ಖಾಲಿಯಾದ ಹಂಡೆಯು ಒಂದೇ ರಾತ್ರಿಯಲ್ಲಿ ತುಂಬುವುದಿಲ್ಲ. ಆದುದರಿಂದಲೇ ಅಮೇರಿಕದ ನಿಜವಾದ ತಂಡಗಳು ಸಾಮಾನ್ಯವಾಗಿ ಐವರು ಆರಂಭದ ಪಿಚರರನ್ನು ಇಟ್ಟುಕೊಂಡು, ಸರದಿಯ ಮೇಲೆ ಆಡಿಸುತ್ತವೆ. ಒಬ್ಬನು ಒಂದು ದಿನ ಸುಮಾರು ನೂರು ಎಸೆತ ಎಸೆದರೆ, ಮುಂದಿನ ನಾಲ್ಕು ದಿನ ಅವನಿಗೆ ಬಿಡುವು. ನಮ್ಮ ಸೋಲಿನ ಗುಟ್ಟು ಇದೇ ಆಗಿದ್ದಿತು.

ತಾಳಿಕೆಯ ಲೆಕ್ಕ ಇಷ್ಟು ಸರಳವಲ್ಲ. ಅದು ಹಂಡೆಯಲ್ಲ, ಚೀಟಿ ಎತ್ತುವ ಆಟ. ಆಟಗಾರನು ಗಾಯಗೊಳ್ಳಬಹುದಾದ ಸಂದರ್ಭ ಬಂದಾಗ ಯಂತ್ರವು ಒಳಗೊಳಗೇ ಒಂದು ಚೀಟಿ ಎತ್ತುತ್ತದೆ ಎನ್ನಿ. ತಾಳಿಕೆಯ ಅಂಕಿ ದೊಡ್ಡದಾದರೆ ‘ಗಾಯ’ ಎಂದು ಬರೆದ ಚೀಟಿಗಳು ಕಡಿಮೆ, ಚಿಕ್ಕದಾದರೆ ಹೆಚ್ಚು. ಗಟ್ಟಿಗನಿಗೂ ಕೆಟ್ಟ ಚೀಟಿ ಬಂದೀತು, ದುರ್ಬಲನೂ ವರ್ಷವಿಡೀ ಪಾರಾದಾನು. ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಎಂಬ ಇನ್ನೊಂದು ಆಟದಲ್ಲಿ ಈ ಗುಣವನ್ನು ಅಂಕಿಯ ಬದಲು ಮಾತಿನಲ್ಲೇ ಹೇಳುತ್ತಾರೆ. ಅತ್ಯಂತ ಗಟ್ಟಿಗನಿಗೆ ಅಲ್ಲಿ ‘ಉಕ್ಕಿನ ಮನುಷ್ಯ’ನೆಂಬ ಅರ್ಥದ ಬಿರುದು. ಈ ಬಿರುದನ್ನು ನಿಜ ಜೀವನದಲ್ಲಿ ಪಡೆದವನು ಕ್ಯಾಲ್ ರಿಪ್ಕೆನ್. ಅವನು 1982ರಿಂದ 1998ರ ವರೆಗೆ ಒಂದನ್ನೂ ತಪ್ಪಿಸದೆ 2,632 ಪಂದ್ಯಗಳನ್ನಾಡಿದನು.

ಈ ಲೆಕ್ಕಗಳು ಯಂತ್ರದಿಂದಲೇ ಹುಟ್ಟಿದುವೆಂದು ತಿಳಿಯಬಾರದು. 1961ರಲ್ಲಿ ಹಾಲ್ ರಿಚ್‌ಮನ್ ಎಂಬಾತನು ಹೊರತಂದ ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ಆಟಕ್ಕೆ ಬೇಕಾದುದು ಕಾಗದದ ಚೀಟಿಗಳು ಮತ್ತು ದಾಳಗಳು ಮಾತ್ರ. ಪಿಚರನು ಎಷ್ಟು ಇನ್ನಿಂಗ್ಸ್ ತಾಳಬಲ್ಲನೆಂಬುದು ಆ ಚೀಟಿಯ ಮೇಲೆಯೇ ಇರುತ್ತಿದ್ದಿತು.

ಇಂತಹ ಅಂಕಿಗಳನ್ನು ತಯಾರಿಸುವವರು ಆಟಗಾರನ ಹಿಂದಿನ ವರ್ಷಗಳ ಆಟವನ್ನು ನೋಡಿ ತಯಾರಿಸುತ್ತಾರೆ. ಇಲ್ಲಿಯೇ ನಮಗೆ ಸಂಶಯ. ಮೈಸೂರಿನ ಜಾವಗಲ್ ಶ್ರೀನಾಥರನ್ನೇ ನೋಡಿ. 1991ರಲ್ಲಿ ಟೆಸ್ಟ್ ಆಟಕ್ಕೆ ಕಾಲಿಟ್ಟ ಅವರು ಭಾರತದ ವೇಗದ ಬೌಲಿಂಗಿನ ಭಾರವನ್ನು ಹೊತ್ತರು. 1997ರಲ್ಲಿ ಭುಜ ಕೈಕೊಟ್ಟಿತು, ಶಸ್ತ್ರಚಿಕಿತ್ಸೆಯಾಯಿತು. ಹಿಂದಿನ ದಾಖಲೆ ನೋಡಿ 1996ರಲ್ಲಿ ಅವರಿಗೆ ಅಂಕಿ ಕೊಟ್ಟಿದ್ದರೆ ಅದು ದೊಡ್ಡದೇ ಆಗಿರುತ್ತಿತ್ತು. ಗಾಯವಾದ ಮೇಲೆ ಕೊಟ್ಟಿದ್ದರೆ ಚಿಕ್ಕದಾಗುತ್ತಿತ್ತು. ಆದರೆ ಅವರು ಮರಳಿ ಬಂದು 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. ಎರಡು ಸಲವೂ ಅಂಕಿ ಹಿಂದೆ ನೋಡುತ್ತಿತ್ತು, ದೇಹ ಮುಂದೆ ನಡೆಯುತ್ತಿತ್ತು.

ಇಷ್ಟೆಲ್ಲ ಬಲ್ಲ ನಾವು ಡಿಸೆಂಬರಿನಲ್ಲಿ ಮಾಡಿದುದನ್ನು ಹೇಳಲು ನಾಚಿಕೆಯಾಗುತ್ತದೆ. ತರಗತಿಗಳ ನಡುವಿನ ಪಂದ್ಯಗಳಲ್ಲಿ ನಮ್ಮಲ್ಲಿ ವೇಗವಾಗಿ ಎಸೆಯಬಲ್ಲವನು ಒಬ್ಬನೇ. ಎರಡು ದಿನಗಳಲ್ಲಿ ಮೂರು ಪಂದ್ಯ; ಮೂರರಲ್ಲಿಯೂ “ಇನ್ನೊಂದು ಓವರು, ಇನ್ನೊಂದೇ ಓವರು” ಎಂದು ಅವನ ಕೈಗೇ ಚೆಂಡು ಕೊಟ್ಟೆವು. ಅವನು ಬೇಡವೆನ್ನಲಿಲ್ಲ. ಪರದೆಯ ಮೇಲಿನ ಪಿಚರನ ಪಕ್ಕದಲ್ಲಿ ದಮ್ಮಿನ ಪಟ್ಟಿ ಕಾಣುತ್ತದೆ. ಗೆಳೆಯನ ಹಣೆಯ ಮೇಲೆ ಕಾಣುವುದಿಲ್ಲ. ಕಪ್ಪು ನಮ್ಮದಾಯಿತು. ಮರುದಿನ ಅವನಿಗೆ ಬಲಗೈಯನ್ನು ಭುಜದ ಮೇಲಕ್ಕೆ ಎತ್ತಲಾಗಲಿಲ್ಲ. ವೈದ್ಯರು ಆರು ವಾರ ಚೆಂಡು ಮುಟ್ಟಕೂಡದೆಂದರು.

2014ರಲ್ಲಿ ಅಮೇರಿಕದಲ್ಲಿ ‘ಪಿಚ್ ಸ್ಮಾರ್ಟ್’ ಎಂಬ ಹೆಸರಿನಿಂದ ಬಾಲಕರಿಗಾಗಿ ಸೂಚನೆಗಳನ್ನು ಪ್ರಕಟಿಸಿದರು. ಅದರಂತೆ 13-14 ವರ್ಷದವನು ದಿನಕ್ಕೆ 95 ಎಸೆತಗಳನ್ನು ಮೀರಕೂಡದು. 66 ಅಥವಾ ಹೆಚ್ಚು ಎಸೆದನಾದರೆ 4 ದಿನಗಳ ವಿಶ್ರಾಂತಿ. ಕ್ರಿಕೆಟ್ ಬೌಲಿಂಗಿನಲ್ಲಿ ತೋಳು ತಿರುಗುವ ರೀತಿಯೇ ಬೇರೆ, ಓಟದ ಶ್ರಮವೂ ಸೇರುತ್ತದೆ. ಆದುದರಿಂದ ಈ ಅಂಕಿಗಳನ್ನು ಹಾಗೆಯೇ ನಮ್ಮ ಮೈದಾನಕ್ಕೆ ತರಲಾಗದು. ಎಣಿಸುವ ಪದ್ಧತಿಯನ್ನು ಮಾತ್ರ ತಂದಿದ್ದೇವೆ. ನಮ್ಮ ಸ್ಕೋರು ವಹಿಯಲ್ಲಿ ಈಗ ಹೊಸದೊಂದು ಕಾಲಂ ಇದೆ: ಪ್ರತಿಯೊಬ್ಬನು ಈ ವಾರ ಎಸೆದ ಚೆಂಡುಗಳೆಷ್ಟು. ಅದನ್ನು ಬರೆಯುವ ಕೆಲಸವನ್ನು ಆ ಗೆಳೆಯನೇ ಕೇಳಿ ಪಡೆದಿದ್ದಾನೆ.