ಮಾತಿಗೆ ಮುಂದೆ, ಮತಕ್ಕೆ ಹಿಂದೆ

ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಕಾಫಿಯ ಜತೆಗೆ ರಾಜಕೀಯವೂ ಬಿಸಿಬಿಸಿಯಾಗಿ ದೊರೆಯುತ್ತದೆ ಎಂದರೆ ಅತಿಶಯೋಕ್ತಿಯಾಗದು. ನ್ಯಾಷನಲ್ ಕಾಲೇಜು ಮೈದಾನ ಕಂಡಿರುವ ಚುನಾವಣಾ ಸಭೆಗಳಿಗೆ ಲೆಕ್ಕವಿಲ್ಲ. ಆದರೂ ಮತದಾನದ ದಿನ ಬೆಂಗಳೂರಿನ ಈ ಹಳೆಯ ಬಡಾವಣೆಗಳನ್ನು ಒಳಗೊಂಡ ಕ್ಷೇತ್ರಗಳು ರಾಜ್ಯದ ಪಟ್ಟಿಯಲ್ಲಿ ಕೆಳಗೆ ಉಳಿಯುತ್ತವೆ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ 70 ದಾಟಿತು; ಮಂಡ್ಯದಲ್ಲಿ ಶೇ 80 ಮೀರಿತು. ಬೆಂಗಳೂರು ದಕ್ಷಿಣದಲ್ಲಿ ಮಾತ್ರ ಅದು ಶೇ 53ರ ಆಸುಪಾಸಿನಲ್ಲೇ ನಿಂತಿತು. ಏಕೆ ಹೀಗೆ?

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಒಂದೇ ಕಾಲದ ಈ ಮೂರು ಬಡಾವಣೆಗಳು 2008ರ ಕ್ಷೇತ್ರ ಪುನರ್‌ವಿಂಗಡಣೆಯ ಬಳಿಕ ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿವೆ: ಬಸವನಗುಡಿ ದಕ್ಷಿಣಕ್ಕೆ, ಮಲ್ಲೇಶ್ವರ ಉತ್ತರಕ್ಕೆ, ಚಾಮರಾಜಪೇಟೆ ಕೇಂದ್ರಕ್ಕೆ.

ಇಲ್ಲಿನ ಮತದಾರರಿಗೆ ಹೊಳೆಗೆ ಎದುರಾಗಿ ಈಜಿದ ಚರಿತ್ರೆಯೂ ಇದೆ. 1977ರಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ ಪಾಲಾದವು. ಜನತಾ ಪಕ್ಷಕ್ಕೆ ದಕ್ಕಿದ್ದು ಎರಡೇ. ಅದರಲ್ಲೊಂದು ಬೆಂಗಳೂರು ದಕ್ಷಿಣ. ಗೆದ್ದವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಹೆಗ್ಡೆ. 1980ರಲ್ಲಿ ಟಿ.ಆರ್. ಶಾಮಣ್ಣ, 1984ರಲ್ಲಿ ವಿ.ಎಸ್. ಕೃಷ್ಣ ಅಯ್ಯರ್ ಜನತಾ ಪಕ್ಷದಿಂದಲೇ ಆರಿಸಿ ಬಂದರು. 1989ರಲ್ಲಿ ಕಾಂಗ್ರೆಸ್ಸಿನ ಆರ್. ಗುಂಡೂರಾವ್ ಈ ಸರಪಳಿಯನ್ನು ತುಂಡರಿಸಿದರು. ಆದರೆ 1991ರಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಬಿಜೆಪಿಯಿಂದ ಗೆದ್ದರು. ಅಲ್ಲಿಂದ 2024ರವರೆಗಿನ ಒಂಬತ್ತೂ ಚುನಾವಣೆಗಳಲ್ಲಿ ಕ್ಷೇತ್ರ ಅದೇ ಪಕ್ಷದ ಕೈಯಲ್ಲಿದೆ. ಫಲಿತಾಂಶ ಮೊದಲೇ ಗೊತ್ತಿದ್ದರೆ ಗೆಲ್ಲುವ ಕಡೆಯವನಿಗೂ ಸೋಲುವ ಕಡೆಯವನಿಗೂ ಸಾಲಿನಲ್ಲಿ ನಿಲ್ಲುವ ಉತ್ಸಾಹ ಕುಂದುವುದು ಸಹಜ.

ಆದರೆ ದೂರನ್ನೆಲ್ಲ ಮತದಾರನ ಸೋಮಾರಿತನದ ತಲೆಗೆ ಕಟ್ಟುವಂತಿಲ್ಲ. ಶೇಕಡಾವಾರು ಎಂಬುದು ಚಲಾಯಿತ ಮತಗಳನ್ನು ಪಟ್ಟಿಯಲ್ಲಿರುವ ಹೆಸರುಗಳಿಂದ ಭಾಗಿಸಿದ ಲೆಕ್ಕ. ಒಂದು ಮತಗಟ್ಟೆಯ ಪಟ್ಟಿಯಲ್ಲಿ 1,000 ಹೆಸರುಗಳಿದ್ದು, 530 ಮಂದಿ ಮತ ಹಾಕಿದರೆಂದುಕೊಳ್ಳಿ. ಅದು ಶೇ 53. ಆ ಸಾವಿರದಲ್ಲಿ 150 ಹೆಸರುಗಳು ತೀರಿಕೊಂಡವರದೋ, ಮನೆ ಬದಲಿಸಿದವರದೋ, ವಿದೇಶಕ್ಕೆ ಹೋದವರದೋ ಆಗಿದ್ದರೆ, ಊರಿನಲ್ಲಿರುವ 850 ಮಂದಿಯ ಪೈಕಿ ಮತ ಹಾಕಿದವರು ಶೇ 62. ಮಕ್ಕಳು ಹೊರದೇಶದಲ್ಲಿದ್ದು ತಂದೆತಾಯಿ ಮಾತ್ರ ಮನೆ ಕಾಯುವ, ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವ ಬಡಾವಣೆಗಳಲ್ಲಿ ಪಟ್ಟಿಗೂ ನಿವಾಸಿಗಳಿಗೂ ತಾಳೆಯಾಗದಿರುವುದು ಅಚ್ಚರಿಯಲ್ಲ. ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ವಿಳಾಸ ಬದಲಾವಣೆಗೆ 8 ಉಂಟು. ಆದರೆ ಮನೆ ಬದಲಿಸುವ ಗಡಿಬಿಡಿಯಲ್ಲಿ ಗ್ಯಾಸ್ ಸಂಪರ್ಕ ನೆನಪಾದಷ್ಟು ಬೇಗ ಮತಪಟ್ಟಿ ನೆನಪಾಗುವುದಿಲ್ಲ.

ಹಾಗೆಂದು ಪಟ್ಟಿಯೇ ಪೂರ್ತಿ ಸಮಜಾಯಿಷಿಯೂ ಅಲ್ಲ. ಜನ ರಜೆ ಹಾಕಿ ಪ್ರವಾಸ ಹೊರಡದಿರಲೆಂದೇ 2023ರ ವಿಧಾನಸಭಾ ಚುನಾವಣೆಯ ಮತದಾನವನ್ನು ಆಯೋಗ ವಾರದ ನಡುವೆ, ಮೇ 10ರ ಬುಧವಾರ ಇರಿಸಿತು. 80 ದಾಟಿದ ಹಿರಿಯರಿಗೆ ಮನೆಯಲ್ಲೇ ಮತ ಹಾಕುವ ಅವಕಾಶವಿತ್ತು. ಬೆರಳಿನ ಶಾಯಿ ತೋರಿಸಿದವರಿಗೆ ಕೆಲವು ಹೋಟೆಲುಗಳು ಪುಕ್ಕಟೆ ದೋಸೆ ಕೊಟ್ಟವು. ರಾಜ್ಯದಲ್ಲಿ ಶೇ 73 ಮೀರಿದ ದಾಖಲೆಯ ಮತದಾನವಾದರೆ, ಬೆಂಗಳೂರು ನಗರ ಅರ್ಧಕ್ಕಿಂತ ತುಸುವೇ ಮೇಲೆ ಉಳಿಯಿತು.

‘ನನ್ನದೊಂದು ಮತದಿಂದ ಏನಾದೀತು?’ ಎನ್ನುವವರಿಗೆ ಉತ್ತರ ಪಕ್ಕದಲ್ಲೇ ಇದೆ. ಅದೇ 2023ರಲ್ಲಿ ಬಸವನಗುಡಿಗೆ ನೆರೆಯ ಜಯನಗರದಲ್ಲಿ ಮರುಎಣಿಕೆಯ ನಂತರ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರನ್ನು ಸೋಲಿಸಿದ್ದು ಕೇವಲ 16 ಮತಗಳಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರನ್ನು ವಿಧಾನಸಭೆಗೆ ಕಳಿಸಿದ್ದು ಒಂದೇ ಒಂದು ಮತ. ಹದಿನಾರು ಎಂದರೆ ಹಳೆಯ ಬೆಂಗಳೂರಿನ ಒಂದು ವಠಾರದ ಮತ.

ಇದಕ್ಕಿಂತ ಚಿಂತೆಗೀಡುಮಾಡುವುದು ವಾರ್ಡಿನ ಕಥೆ. ಕಸ, ಚರಂಡಿ, ಬೀದಿದೀಪ, ಕಾಲುದಾರಿಗಳ ಹೊಣೆ ಹೊತ್ತ ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದಾಗ ನಗರದ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ನಂತರದ ಐದು ವರ್ಷ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಗರ ನಡೆಯಿತು. 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಮತ ಹಾಕದೆ ಉಳಿದವರಿಗೂ, ಹಾಕಬೇಕೆಂದು ಕಾದವರಿಗೂ ದೂರು ಹೇಳಲು ವಾರ್ಡಿನ ಸದಸ್ಯನೇ ಇಲ್ಲವಾದ. ಚುನಾವಣೆ ನಡೆಸೆಂದು ಸರ್ಕಾರವನ್ನು ಗಟ್ಟಿಯಾಗಿ ಕೇಳುವವರು, ನಡೆದ ದಿನ ಸಾಲಿನಲ್ಲಿಯೂ ಕಾಣಿಸಿಕೊಂಡರೆ ಆ ಮಾತಿಗೆ ತೂಕ ಬಂದೀತು.